ಕಿಡ್ನಿ ಮೊದ್ಲಾ, ರಕ್ತನಾಳ ಮೊದ್ಲಾ?

ಪ್ರಶ್ನೆ: ಡಾಕ್ಟ್ರೇ, ನಮ್ಮಪ್ಪಾಜಿಗೆ 67 ವರ್ಷ, ಹೊಲದ ಕೆಲಸ, ಬೀಡಿ ಚಟ ಮೊದ್ಲಿಂದ ಐತಿ. ಹೊಟ್ಟೆ ಉಬ್ಬರ ಅಂತ ದಾವಣಗೆರೆಗೆ ಕರ್ಕೊಂಡೋಗಿ ಸ್ಕ್ಯಾನಿಂಗ್ ಮಾಡಿಸಿದ್ರೆ ಎಡಗಡೆ ಕಿಡ್ನಿಲಿ 4.5 ಸೆಂ.ಮೀ. ಗಡ್ಡೆ, ಕ್ಯಾನ್ಸರ್ ಥರ ಕಾಣುತ್ತೆ ಅಂದ್ರು, ಜೊತೆಗೆ ಹೊಟ್ಟೆಯ ದೊಡ್ಡ ರಕ್ತನಾಳ 6.1 ಸೆಂ.ಮೀ. ಉಬ್ಬೈತಂತೆ. ಒಬ್ರು ಕಿಡ್ನಿ ಮೊದ್ಲು ತೆಗೆಸಿ ಅಂತಾರೆ, ಇನ್ನೊಬ್ರು ಈಗ ಮುಟ್ಲೇಬೇಡಿ ಅಂತಾರೆ. ನಮ್ ದೊಡ್ಡಪ್ಪಾರು ಎರಡೆರಡು ಸಲ ಯಾಕೆ ಕೊಯ್ಸೋದು, ಒಂದೇ ಸಲ ಮುಗಿಸ್ರಿ ಅಂತ ಪಟ್ಟು ಹಿಡಿದಾರೆ. ಏನ್ಮಾಡೋದು?
— ಓದುಗರು, ಜಗಳೂರು ತಾಲ್ಲೂಕು

ಉತ್ತರ: ಕ್ಯಾನ್ಸರ್ ಅನ್ನೋ ಪದ ಕೇಳಿ ಮನೆಮಂದಿಯೆಲ್ಲ ಆ ಕಡೆನೇ ನೋಡ್ತಿದೀರಿ, ನನಗೆ ಭಯ ಆಗ್ತಿರೋದು ಆ 6.1 ನೋಡಿ. ಆ ನಾಳ ಸುಮಾರು 2 ಸೆಂ.ಮೀ. ಇರಬೇಕಾದ್ದು, 3 ದಾಟಿದ್ರೆ ಅನ್ಯೂರಿಸಂ ಅಂತೀವಿ, ಗಂಡಸರಲ್ಲಿ 5.5 ಆದ್ರೆ ಸಾಮಾನ್ಯವಾಗಿ ರಿಪೇರಿ ಮಾಡಿಸಿ ಅಂತೀವಿ. ಸವೆದ ಟೈರಿಂದ ಟ್ಯೂಬ್ ಆಚೆ ಉಬ್ಬಿರುತ್ತಲ್ಲ, ಹಂಗೆ, ಒಡೆದ್ರೆ ಆಸ್ಪತ್ರೆ ಮುಟ್ಟೋದೇ ಕಷ್ಟ. ಕಿಡ್ನಿ ಗಡ್ಡೆ ಸಾಮಾನ್ಯವಾಗಿ ಕೆಲವು ವಾರ ಕಾಯುತ್ತೆ.

ಅದಕ್ಕೇ ಇಂಥ ಕೇಸಲ್ಲಿ ಹೆಚ್ಚಾಗಿ ರಕ್ತನಾಳ ಮೊದಲು. ಹೊಟ್ಟೆ ಕೊಯ್ಯದೆ ತೊಡೆಸಂದಿಯಿಂದ ತಂತಿ ತೂರಿಸಿ ಬಟ್ಟೆ ಹೊದಿಸಿದ ಸ್ಟೆಂಟ್ ಒಳಗೆ ಕೂರಿಸ್ತಾರೆ, ಈವಾರ್ ಅಂತಾರೆ, ಚೇತರಿಸಿಕೊಂಡ ಮೇಲೆ ಕಿಡ್ನಿ ಆಪರೇಷನ್. ದೊಡ್ಡಪ್ಪಾರ ಮಾತು ತೀರಾ ತಪ್ಪಲ್ಲ, ಒಟ್ಟಿಗೆ ಮಾಡಿರೋದೂ ಉಂಟು, ಆದ್ರೆ ಹೊಟ್ಟೆ ತೆರೆದು ಎರಡೂ ಮಾಡಿದ್ರೆ ಆಪರೇಷನ್ ಉದ್ದ ಆಗುತ್ತೆ, ರಕ್ತ ಜಾಸ್ತಿ ಹೋಗುತ್ತೆ, ಉಬ್ಬಿದ ಜಾಗದಲ್ಲಿ ಹೊಸದಾಗಿ ಹಾಕಿದ ಕೃತಕ ನಾಳಕ್ಕೆ ಸೋಂಕು ತಗುಲಿದ್ರೆ ಅದರಷ್ಟು ತಲೆನೋವು ಬೇರೆ ಇಲ್ಲ.

ಸ್ಟೆಂಟ್ ಎಲ್ರಿಗೂ ಹೊಂದಲ್ಲ. ಕಿಡ್ನಿಗೆ ಹೋಗೋ ನಾಳಗಳ ಕೆಳಗೆ, ಉಬ್ಬು ಶುರುವಾಗೋಕೆ ಮುಂಚೆ ಸ್ವಲ್ಪ ಚೆನ್ನಾಗಿರೋ ಜಾಗ ಬೇಕು, ಅದು ಸಿಟಿ ಆಂಜಿಯೋ ಅಂತ ರಕ್ತನಾಳ ತೋರಿಸೋ ಸ್ಕ್ಯಾನಲ್ಲಿ ಗೊತ್ತಾಗುತ್ತೆ. ಆ ಟೆಸ್ಟಿಗೂ ಸ್ಟೆಂಟಿಗೂ ನಾಳ ಎದ್ದು ಕಾಣಲಿ ಅಂತ ಹಾಕೋ ಡೈ (ಬಣ್ಣದಂಥ ಔಷಧಿ) ಕಿಡ್ನಿಗೆ ಹೊರೆ, ಹಂಗಾಗಿ ಕಿಡ್ನಿ ಹೆಂಗೆ ಕೆಲಸ ಮಾಡ್ತಿದೆ ಅಂತ ರಕ್ತಪರೀಕ್ಷೇಲಿ ತೋರಿಸೋ ಕ್ರಿಯಾಟಿನಿನ್ ಎಷ್ಟಿದೆ, ಬಲಗಡೆ ಕಿಡ್ನಿ ಒಂಟಿಯಾಗಿ ತೂಗಿಸುತ್ತಾ, ಎಡಗಡೇದನ್ನ ಪೂರ್ತಿ ತೆಗೀಬೇಕಾ ಗಡ್ಡೆ ಮಾತ್ರ ತೆಗೆದ್ರೆ ಸಾಕಾ, ಇಷ್ಟನ್ನೂ ಕೇಳಿ. ಕಿಡ್ನಿ ಆಪರೇಷನ್ ಮಾಡೋ ಯೂರಾಲಜಿಯವರೂ ರಕ್ತನಾಳದ ವ್ಯಾಸ್ಕುಲರ್ ಸರ್ಜನ್ನೂ ಒಟ್ಟಿಗೆ ಕೂತು ತೀರ್ಮಾನ ಮಾಡೋ ಆಸ್ಪತ್ರೆಗೆ ಹೋಗಿ, ನೀವು ಇಬ್ಬರ ನಡುವೆ ಫೈಲ್ ಹಿಡ್ಕೊಂಡು ಓಡಾಡಬೇಡಿ.

ಬೀಡಿ ಇವತ್ತೇ ಬಿಡಿಸಿ, ಎರಡೂ ಕಾಯಿಲೆಗೆ ಅದರ ಪಾಲಿದೆ. ಬಿಪಿ ಮಾತ್ರೆ ತಗೋತಿದ್ರೆ ತಪ್ಪಿಸಬೇಡಿ. ಇದ್ದಕ್ಕಿದ್ದಂಗೆ ಹೊಟ್ಟೇಲೋ ಬೆನ್ನಲ್ಲೋ ಜೋರು ನೋವು ಬಂದು ತಲೆ ಸುತ್ತಿದ್ರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಸ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಹಾಂ, ಈ ಉಬ್ಬು ಒಡಹುಟ್ಟಿದವರಲ್ಲೂ ಬರೋ ಸಂಭವ ಜಾಸ್ತಿ. ದೊಡ್ಡಪ್ಪಾರು ಅಪ್ಪಾಜಿಯ ಸ್ವಂತ ಅಣ್ಣ ಆಗಿದ್ರೆ ಅವರಿಗೂ ಒಂದು ಅಲ್ಟ್ರಾಸೌಂಡ್ ಮಾಡಿಸಿಬಿಡಿ.