ಮಿತ್ರಕೂಟದ ಯುದ್ಧ: ಹಣ ಯಾರದು, ಪ್ರಾಣ ಯಾರದು?

ಪ್ರಶ್ನೆ: ಹಲವು ದೇಶಗಳು ಒಟ್ಟಾಗಿ ಯುದ್ಧಕ್ಕಿಳಿದರೆ ಯಾರು ಎಷ್ಟು ಖರ್ಚು ಹೊರಬೇಕೆಂದು ಮೊದಲೇ ಗೊತ್ತಾಗಿರುತ್ತದೆಯೇ?

ಉತ್ತರ: ಇಡೀ ಯುದ್ಧದ ಖರ್ಚಿಗೆ ಅಂಥ ಸೂತ್ರವಿಲ್ಲ. ಅಮೆರಿಕ, ಕೆನಡಾ ಮತ್ತು ಯುರೋಪಿನ ದೇಶಗಳ ಸೈನಿಕ ಕೂಟವಾದ ನೇಟೊದಲ್ಲಿ ರೂಢಿಯೆಂದರೆ, ಪಡೆ ಕಳಿಸಿದ ದೇಶವೇ ಅದರ ಖರ್ಚನ್ನೂ ಹೊರುವುದು. ಸಂಬಳ, ಇಂಧನ, ಮದ್ದುಗುಂಡು, ಸಾಗಣೆ ಎಲ್ಲವೂ ಆ ದೇಶದ ಬೊಕ್ಕಸದಿಂದಲೇ. ಜಂಟಿ ಕೇಂದ್ರ ಕಚೇರಿ, ಸಂಪರ್ಕ ಜಾಲದಂಥವಕ್ಕಷ್ಟೇ ಸಾಮಾನ್ಯ ನಿಧಿಯಿದೆ. ಅದಕ್ಕೆ ಮುಖ್ಯವಾಗಿ ರಾಷ್ಟ್ರೀಯ ಆದಾಯಕ್ಕೆ ತಕ್ಕಂತೆ ವಂತಿಗೆ. ಹೀಗಾಗಿ ಹೆಚ್ಚು ಸೈನಿಕರನ್ನು ಕೊಟ್ಟವರ ತಲೆಗೇ ಹೆಚ್ಚು ಖರ್ಚು ಬೀಳುತ್ತದೆ. ಸಣ್ಣ ದೇಶಗಳು ಹಿಂಜರಿಯುವುದು ಇಲ್ಲೇ.

ಕುವೈತನ್ನು ಇರಾಕಿನಿಂದ ಬಿಡಿಸಿದ 1991ರ ಕೊಲ್ಲಿ ಯುದ್ಧದಲ್ಲಿ ಇದು ತಿರುಗುಮುರುಗಾಯಿತು. ಅಮೆರಿಕದ ಖರ್ಚು ಸುಮಾರು 6,100 ಕೋಟಿ ಡಾಲರ್. ಅದರಲ್ಲಿ 5,000 ಕೋಟಿಗೂ ಹೆಚ್ಚನ್ನು ಸೌದಿ ಅರೇಬಿಯಾ, ಕುವೈತ್, ಜಪಾನ್, ಜರ್ಮನಿ ಮುಂತಾದವು ತುಂಬಿಕೊಟ್ಟವು. ಯುದ್ಧವನ್ನು ತ್ಯಜಿಸಿದ ತನ್ನ ಸಂವಿಧಾನದ ಕಾರಣಕ್ಕೆ ಜಪಾನ್ ಸೈನಿಕರನ್ನು ಕಳಿಸದೆ 1,000 ಕೋಟಿಗೂ ಮೀರಿ ಡಾಲರ್ ಕೊಟ್ಟಿತು. ಆದರೂ ಯುದ್ಧ ಮುಗಿದ ಮೇಲೆ ಕುವೈತ್ ಪ್ರಕಟಿಸಿದ ಕೃತಜ್ಞತಾ ಜಾಹೀರಾತಿನಲ್ಲಿ ಜಪಾನಿನ ಹೆಸರೇ ಇರಲಿಲ್ಲ. ಈ ಪೆಟ್ಟು ಜಪಾನಿನ ರಾಜಕಾರಣವನ್ನು ಅಲುಗಿಸಿತು: 1992ರಲ್ಲಿ ಶಾಂತಿಪಾಲನೆಗೆ ಸೈನಿಕರನ್ನು ಕಳಿಸುವ ಕಾನೂನು ಬಂತು.

ಪ್ರಶ್ನೆ: ಹಾಗಾದರೆ ಸೈನಿಕರ ಸಂಖ್ಯೆ ನೋಡಿ ಪಾಲು ಅಳೆಯಬಹುದೇ?

ಉತ್ತರ: ಸಂಖ್ಯೆಯನ್ನಷ್ಟೇ ನೋಡಿದರೆ ಮೋಸ ಹೋಗುತ್ತೀರಿ. ಆ ಸೈನಿಕರನ್ನು ಎಲ್ಲಿ, ಯಾವ ಕೆಲಸಕ್ಕೆ ಬಳಸಬಹುದು ಎಂಬುದೇ ಮುಖ್ಯ. ನೇಟೊ ಪಡೆಗಳು ಹೋರಾಡಿದ ಅಫ್ಘಾನಿಸ್ತಾನದ ಯುದ್ಧದಲ್ಲಿ ಹಲವು ಸರ್ಕಾರಗಳು ತಮ್ಮ ಪಡೆಗೆ ಷರತ್ತು ಹಾಕಿದ್ದವು: ಈ ಪ್ರಾಂತ್ಯ ದಾಟಬಾರದು, ಇಂಥ ಕಾರ್ಯಾಚರಣೆಗೆ ರಾಜಧಾನಿಯ ಒಪ್ಪಿಗೆ ಬೇಕು, ಹೀಗೆ. ದಕ್ಷಿಣದಲ್ಲಿ ಕಾಳಗ ಜೋರಾದಾಗ ಉತ್ತರದ ಪಡೆಯನ್ನು ಅಲ್ಲಿಗೆ ಎಳೆಯಲು ದಂಡನಾಯಕನಿಗೆ ಆಗುತ್ತಿರಲಿಲ್ಲ. ದಕ್ಷಿಣದ ಕಂದಹಾರ್ ಪ್ರಾಂತ್ಯದ ಹೊಣೆ ಹೊತ್ತ ಕೆನಡಾ ಆ ಯುದ್ಧದಲ್ಲಿ 158 ಸೈನಿಕರನ್ನು ಕಳೆದುಕೊಂಡಿತು. ಪುಟ್ಟ ಡೆನ್ಮಾರ್ಕ್ ಪಕ್ಕದ ಹೆಲ್ಮಂದ್‌ಗೆ ಇಳಿದು, ಜನಸಂಖ್ಯೆಗೆ ಹೋಲಿಸಿದರೆ ಅತಿ ದೊಡ್ಡ ಬೆಲೆ ತೆತ್ತ ದೇಶಗಳ ಸಾಲಿಗೆ ಸೇರಿತು. ಖರ್ಚಿನ ಪಟ್ಟಿಯಲ್ಲಿ ಈ ಪ್ರಾಣಗಳ ಲೆಕ್ಕ ಕಾಣುವುದೇ ಇಲ್ಲ. ನಮ್ಮ ದೃಷ್ಟಿಯಲ್ಲಿ ಮೊದಲು ನೋಡಬೇಕಾದದ್ದೇ ಅದು.

ಆದ್ದರಿಂದ ಮಾತುಕತೆಯಲ್ಲೇ ಲಿಖಿತವಾಗಿ ಕೇಳಬೇಕಾದದ್ದು: ಎಷ್ಟು ಜನ, ಎಂದಿನಿಂದ ಎಂದಿನವರೆಗೆ, ಯಾರ ವಿಮಾನದಲ್ಲಿ, ಗಾಯಾಳುಗಳನ್ನು ಯಾರು ಎತ್ತಿ ತರುತ್ತಾರೆ, ಯಾವ ಆಜ್ಞೆಗೆ ಒಲ್ಲೆ ಎನ್ನುವ ಹಕ್ಕಿದೆ. ಕೊರತೆ ಬೀಳುವುದು ಹೆಚ್ಚಾಗಿ ಬಂದೂಕು ಹಿಡಿದವರದಲ್ಲ, ಹೆಲಿಕಾಪ್ಟರ್‌ಗಳದು. 2008ರಲ್ಲಿ ಕೆನಡಾ ಕಂದಹಾರ್‌ನಲ್ಲಿ ಮುಂದುವರಿಯಲು ಇಟ್ಟ ಷರತ್ತೂ ಇದೇ: ಮಿತ್ರರಿಂದ ಇನ್ನೂ 1,000 ಸೈನಿಕರು, ಜೊತೆಗೆ ಹೆಲಿಕಾಪ್ಟರ್ ಮತ್ತು ಡ್ರೋನ್‌ಗಳು.