ಕೆಂಪು ಬೆಳಕಿನ ಚಿಕಿತ್ಸೆ: ಯುವಿ ಇಲ್ಲ ಅಂದ ಮೇಲೆ ಎಷ್ಟು ಹೊತ್ತು ಕೂತರೂ ಪರವಾಗಿಲ್ವಾ?

ಬಿಸಿಲಲ್ಲಿ ಚರ್ಮ ಸುಡುವ ಯುವಿ (ಅತಿನೇರಳೆ) ಕಿರಣ ಇದರಲ್ಲಿಲ್ಲ, ಇನ್ನೇನು ಭಯ ಅಂತ ಹೇಳಿಕೊಂಡು ನಾನೂ ಪ್ಯಾನೆಲ್ ಮುಂದೆ, ಅಂದರೆ ಚರ್ಮಕ್ಕೂ ನೋವಿಗೂ ಒಳ್ಳೆಯದು ಅಂತ ಮಾರುವ ಕೆಂಪು ದೀಪಗಳ ಹಲಗೆಯ ಮುಂದೆ, ಮುಖ ಒಡ್ಡಿ ಕೂತಿದ್ದೆ. ಅದರ ಗುರುತು ಎಡಗೆನ್ನೆಯ ಮೇಲೆ ಇನ್ನೂ ಇದೆ.

ಮೊದಲ ಎರಡು ವಾರ ಒಂದಡಿ ದೂರ, ಹತ್ತು ನಿಮಿಷ. ಏನೂ ಬದಲಾವಣೆ ಕಾಣಲಿಲ್ಲ. ಸುಮ್ನೆ ಇರಲಾರದೆ ಹತ್ತನ್ನು ನಲವತ್ತು ಮಾಡಿದೆ. ಸಾಲದ್ದಕ್ಕೆ ಕುರ್ಚಿ ಎಳೆದುಕೊಂಡು ಗೇಣು ದೂರದಲ್ಲಿ ಮುಖ ಇಟ್ಟೆ. ನಾನು ಕೆಟ್ಟದ್ದು ಇಲ್ಲೇ. ಹೊತ್ತು ನಾಲ್ಕು ಪಟ್ಟಾಯಿತು ಅಂತ ಮಾತ್ರ ಲೆಕ್ಕ ಹಾಕಿದ್ದೆ. ಹತ್ತಿರ ಹೋದಷ್ಟೂ ಬೆಳಕಿನ ಪೆಟ್ಟೂ ಏರುತ್ತದೆ ಅನ್ನುವುದು ಹೊಳೆಯಲೇ ಇಲ್ಲ. ಚದರ ಸೆಂಟಿಮೀಟರಿಗೆ 50 ಮಿಲಿವ್ಯಾಟ್ ಬಿದ್ದರೆ 10 ನಿಮಿಷಕ್ಕೆ ಅಷ್ಟು ಚರ್ಮಕ್ಕೆ 30 ಜೂಲ್ ಶಕ್ತಿ. ಅದೇ 100 ಮಿಲಿವ್ಯಾಟ್ ಆಗಿ 40 ನಿಮಿಷ ಕೂತರೆ 240 ಜೂಲ್. ಎಂಟು ಪಟ್ಟು! ಅದೂ ದಿನಾ. ಈ ಬೆಳಕು ಒಂದು ಹದ ದಾಟಿದರೆ ಉಪಯೋಗ ಜಾಸ್ತಿಯಾಗುವುದಿಲ್ಲ, ಉಲ್ಟಾ ಹೊಡೆಯಬಹುದು.

ಮೂರನೇ ವಾರ ಕೆನ್ನೆ ಕೆಂಪಾಗಿ ಬಿಸಿ ಬಿಸಿ. ಇದ್ದೂ ಇಲ್ಲದಂತಿದ್ದ ಬಂಗು ಅಂಚು ಸಮೇತ ಎದ್ದು ಕಾಣುವಷ್ಟು ಕಪ್ಪಾಯಿತು. ಚರ್ಮದ ಡಾಕ್ಟರು ನೋಡಿ, "ಯುವಿ ಇಲ್ಲದಿದ್ದರೇನು, ಬಿಸಿಗೇ ಬಂಗು ಕೆರಳುತ್ತದೆ" ಅಂದರು.

ಕಣ್ಣಿನ ವಿಷಯದಲ್ಲೂ ಪೆದ್ದುತನ ಮಾಡಿದ್ದೆ. ಅರ್ಧ ದೀಪ ಕೆಟ್ಟಿವೆ ಅಂದುಕೊಂಡು ಮೂಗು ತಾಗುವಷ್ಟು ಹತ್ತಿರದಿಂದ ಇಣುಕಿದ್ದೆ. ಅವು 850 ನ್ಯಾನೊಮೀಟರ್ ತರಂಗದ, ಅಂದರೆ ಕೆಂಪಿನಿಂದಾಚೆಯ ಇನ್‌ಫ್ರಾರೆಡ್ ದೀಪಗಳು, ಚೆನ್ನಾಗೇ ಉರಿಯುತ್ತಿದ್ದವು. ಆ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ ಅನ್ನಬಹುದು. ಕಾಣದಿದ್ದರೆ ರೆಪ್ಪೆ ಮುಚ್ಚಿಕೊಳ್ಳುವುದೂ ಇಲ್ಲ ಅಲ್ವಾ? ಈ ಬೆಳಕು ತಡೆಯುವ ಕನ್ನಡಕ ಹಾಕಿಕೊಳ್ಳಿ.

ಹಾಗಾಗಿ ಸುರಕ್ಷಿತವೋ ಅಲ್ಲವೋ ಅನ್ನುವ ಪ್ರಶ್ನೆಯನ್ನೇ ಬಿಡಿ. ಎಷ್ಟು ಹೊತ್ತು, ಎಷ್ಟು ದೂರದಿಂದ, ಯಾರ ಚರ್ಮಕ್ಕೆ ಅಂತ ಕೇಳಿ. ಡಾಕ್ಸಿಸೈಕ್ಲಿನ್‌ನಂಥ, ಬೆಳಕು ತಡೆಯದ ಹಾಗೆ ಚರ್ಮವನ್ನು ಸೂಕ್ಷ್ಮ ಮಾಡುವ ಮಾತ್ರೆ ನುಂಗುತ್ತಿದ್ದರೆ ಡಾಕ್ಟರನ್ನು ಕೇಳದೆ ಸ್ವಿಚ್ ಒತ್ತಬೇಡಿ. ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿ ಬೀಳುವ ಲೂಪಸ್ ಕಾಯಿಲೆ ಇರುವವರೂ ಅಷ್ಟೆ. ಬಂಗು ಇದ್ದರಂತೂ ಮುಖದ ತಂಟೆಗೇ ಹೋಗಬೇಡಿ ಅನ್ನುತ್ತೇನೆ ನಾನು.

ನನ್ನ ಪ್ಯಾನೆಲ್ ಈಗ ಮಂಡಿಗೆ ಮೀಸಲು. ಹತ್ತು ನಿಮಿಷಕ್ಕೆ ಟೈಮರ್ ಕೂಗುತ್ತದೆ, ಆರಿಸಿ ಎದ್ದುಬಿಡುತ್ತೇನೆ. ನೋವು ಕೊಂಚ ಕಡಿಮೆ ಅನ್ನಿಸುತ್ತದೆ. ಕೆನ್ನೆಗೆ ಸನ್‌ಸ್ಕ್ರೀನ್ ಬಳಿಯುವ ಕೆಲಸ ಮಾತ್ರ ಎಂಟು ತಿಂಗಳಾದರೂ ತಪ್ಪಿಲ್ಲ.