570001 ಒಡೆಯುವುದಿಲ್ಲ, 571401 ಒಡೆಯುತ್ತದೆ

ಪ್ರಶ್ನೆ: ಮೈಸೂರಿನ ಪಿನ್ ಕೋಡ್ 570001 ಅನ್ನು 2ರಿಂದ 100ರವರೆಗಿನ ಎಲ್ಲ ಸಂಖ್ಯೆಗಳಿಂದಲೂ ಭಾಗಿಸಿ ನೋಡಿದೆ, ಪ್ರತಿ ಸಲವೂ ಶೇಷ ಉಳಿಯಿತು. ಅದು ಅವಿಭಾಜ್ಯ ಸಂಖ್ಯೆ ಎಂದು ಬರೆದಿಟ್ಟುಕೊಳ್ಳಲೇ? ನಮ್ಮೂರಿನ 571401ರ ಕಥೆ ಏನು? ಮೊಬೈಲ್ ನಂಬರನ್ನೂ ಹೀಗೇ ಪರೀಕ್ಷಿಸಬಹುದೇ?
– ಓದುಗರು, ಮಂಡ್ಯ

ಉತ್ತರ: ಬರೆದಿಟ್ಟುಕೊಳ್ಳಿ, 570001 ಅವಿಭಾಜ್ಯವೇ. (ಮೈಸೂರಿನವರಿಗೆ ಬೀಗಲು ಇನ್ನೊಂದು ನೆಪ.) ಆದರೆ ನೀವು ಮಾಡಿದಷ್ಟು ಲೆಕ್ಕದಿಂದ ಅದು ಸಾಬೀತಾಗುವುದಿಲ್ಲ. ಅದಕ್ಕೆ ಬರೀ 6 ಕೂಡಿಸಿ 570007 ಮಾಡಿ. 100 ಇರಲಿ, 600ರವರೆಗೆ ಭಾಗಿಸುತ್ತಾ ಹೋದರೂ ಅದು ಜಗ್ಗುವುದಿಲ್ಲ. 647ಕ್ಕೆ ಬಂದಾಗ ಸಿಕ್ಕಿಬೀಳುತ್ತದೆ: 647 × 881 = 570007.

ಹಾಗಾದರೆ ಎಲ್ಲಿ ನಿಲ್ಲಿಸಬೇಕು? ವರ್ಗಮೂಲದಲ್ಲಿ. 755 × 755 = 570025, ಅಂದರೆ ನಮ್ಮ ಸಂಖ್ಯೆಯನ್ನು ದಾಟಿತು. ಎರಡು ಅಪವರ್ತನಗಳಿದ್ದರೆ ಚಿಕ್ಕದು 754ರೊಳಗೇ ಇರಬೇಕು. ಅಷ್ಟರೊಳಗಿನ ಅವಿಭಾಜ್ಯಗಳು 133. ಅವುಗಳಿಂದ ಮಾತ್ರ ಭಾಗಿಸಿದರೆ ಸಾಕು. 7 ಸೋತ ಮೇಲೆ 91 ಗೆಲ್ಲುವುದುಂಟೇ? ನೀವು ಮಾಡಿದ 99 ಭಾಗಾಕಾರಗಳಲ್ಲಿ 74 ದಂಡ, ಮಾಡಬೇಕಾದ 108 ಬಾಕಿ.

ಕ್ಯಾಲ್ಕುಲೇಟರ್ ಹಿಡಿದವರು ಎಡವುವ ಜಾಗ ಒಂದಿದೆ. 570001 ÷ 59 ಎಂದು ಒತ್ತಿದರೆ 9661.0338 ಎಂದು ಬರುತ್ತದೆ. ಬಿಂದುವಿನ ಮುಂದೆ ಸೊನ್ನೆ ಕಂಡೊಡನೆ ಭಾಗವಾಯಿತು ಎಂದುಕೊಳ್ಳಬೇಡಿ. 59 × 9661 ಗುಣಿಸಿ ಕಳೆಯಿರಿ, 2 ಉಳಿಯುತ್ತದೆ.

571401ಕ್ಕೆ ಇಷ್ಟು ಒದ್ದಾಟ ಬೇಡ. ಬಲಗಡೆಯಿಂದ ಮೂರು ಮೂರು ಅಂಕಿ ಕತ್ತರಿಸಿ: 571, 401. ಕೂಡಿಸಿದರೆ 972, ಅದು 27 × 36. 999 = 27 × 37 ಆದ್ದರಿಂದ ಈ ಮೊತ್ತ 27ರಿಂದ ಭಾಗವಾದರೆ ಮೂಲ ಸಂಖ್ಯೆಯೂ ಭಾಗವಾಗುತ್ತದೆ. ಕೂಡಿಸುವ ಬದಲು ಕಳೆದರೆ 170. ಇದು 7, 11, 13 ಯಾವುದರಿಂದಲೂ ಭಾಗವಾಗದು. ಆ ಮೂರರ ಗುಣಲಬ್ಧ 1001 ಆದ್ದರಿಂದ ಮೂರೂ ಒಂದೇ ಏಟಿಗೆ ಹೊರಗೆ.

27 ಸಿಕ್ಕ ಕೂಡಲೇ ಅದನ್ನು ತೆಗೆದುಬಿಡಿ, ಉಳಿಯುವುದು 21163. ಈಗ 754ರವರೆಗೆ ಹೋಗಬೇಕಿಲ್ಲ, 145 ಸಾಕು. ಅದರೊಳಗಿನ ಅವಿಭಾಜ್ಯಗಳು 34 ಮಾತ್ರ. ಯಾವುದೂ ತಗಲುವುದಿಲ್ಲ. ಹಾಗಾಗಿ 571401 = 3 × 3 × 3 × 21163, ಅಲ್ಲಿಗೆ ಮುಗಿಯಿತು.

ಮೊಬೈಲ್ ನಂಬರಿಗೆ ಕೈಲೆಕ್ಕ ಬೇಡ. ಹತ್ತು ಅಂಕಿಯಾದರೆ ಮಿತಿ 1 ಲಕ್ಷದ ಹತ್ತಿರಕ್ಕೂ ಹೋಗಬಹುದು, ಲಕ್ಷದೊಳಗೆ 9,592 ಅವಿಭಾಜ್ಯಗಳಿವೆ. ಇನ್ನೂ ದೊಡ್ಡ ಸಂಖ್ಯೆಗಳಿಗೆ ಕಂಪ್ಯೂಟರ್ ಗಣಿತಜ್ಞ ಫರ್ಮಾನ ನಿಯಮದಂಥ ಜರಡಿ ಹಿಡಿಯುತ್ತದೆ: ಸಂಖ್ಯೆಗಿಂತ ಒಂದು ಕಡಿಮೆ ಸಲ 2ನ್ನು ಗುಣಿಸಿ, ಬಂದದ್ದನ್ನು ಆ ಸಂಖ್ಯೆಯಿಂದಲೇ ಭಾಗಿಸಿದಾಗ ಶೇಷ 1 ಬಾರದಿದ್ದರೆ, 2ಕ್ಕಿಂತ ದೊಡ್ಡದಾದ ಆ ಸಂಖ್ಯೆ ಅವಿಭಾಜ್ಯವಲ್ಲ. 1 ಬಂದರೂ ಪೂರ್ತಿ ನಂಬುವಂತಿಲ್ಲ. 341 ಅಂದರೆ 11 × 31, ಆದರೂ ಈ ಜರಡಿಯಲ್ಲಿ ನುಸುಳಿಬಿಡುತ್ತದೆ. 2ರ ಬದಲು 3 ಇಟ್ಟರೆ ಶೇಷ 56 ಬಂದು ಬಣ್ಣ ಬಯಲಾಗುತ್ತದೆ.